ಕಲಬುರಗಿಯ ಬಂದೇನವಾಜ್ ದರ್ಗಾ ಮತ್ತು ಅದರ ಬಳಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ ಸ್ಟೇಷನ್ನಿನಲ್ಲಿ ಇಳಿದು ಆಟೋದವರಿಗೆ ‘ದರ್ಗಾ’ ಅಂದರೆ ಸಾಕು. ಊರಲ್ಲಿ ಹತ್ತಾರು ದರ್ಗಾಗಳಿದ್ದರೂ ಯಾವುದು ಅಂತ ಮರುಪ್ರಶ್ನೆ ಬರುವುದಿಲ್ಲ. ಖ್ವಾಜಾ ಬಂದೇನವಾಜರ ಸುತ್ತ ಆರುನೂರು ವರ್ಷಗಳಲ್ಲಿ ಬೆಳೆದ ಬಳಗ ಅಷ್ಟು ದೊಡ್ಡದು. ಅದು ಹೇಗೆ ಬೆಳೆಯಿತು, ಯಾರು ಬೆಳೆಸಿದರು ಅಂತ ಹೊಸಬರು ಕೇಳುವ ಪ್ರಶ್ನೆಗಳು ಇಲ್ಲಿವೆ. ಜನ ಹೇಳುವ ಕಥೆ ಬಂದ ಕಡೆ ಅದನ್ನು ಕಥೆ ಅಂತಲೇ ಹೇಳಿದೆ.

ಬಂದೇನವಾಜರು ಯಾರು?

ಹೆಸರು ಸೈಯದ್ ಮುಹಮ್ಮದ್ ಹುಸೈನಿ. 1321ರಲ್ಲಿ ದೆಹಲಿಯಲ್ಲಿ ಹುಟ್ಟಿದರು. 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡರು. ಅಂದರೆ ನೂರು ದಾಟಿ ಬದುಕಿದವರು. ಸೂಫಿಗಳಲ್ಲಿ ಚಿಶ್ತಿ ಪಂಥದವರು. ದೆಹಲಿಯ ನಿಜಾಮುದ್ದೀನ್ ಔಲಿಯಾ, ಅವರ ಶಿಷ್ಯ ನಸೀರುದ್ದೀನ್ ಚಿರಾಗ್ ದೆಹಲಿ, ಅವರ ಶಿಷ್ಯ ಇವರು. ಪುಸ್ತಕಗಳಲ್ಲಿ ‘ಗೇಸೂದರಾಜ್’ ಅನ್ನುವ ಹೆಸರು ಜಾಸ್ತಿ ಕಾಣುತ್ತದೆ, ಅಂದರೆ ಉದ್ದ ಕೂದಲಿನವರು. ಗುರುವಿನ ಪಲ್ಲಕ್ಕಿ ಹೊರುವಾಗ ಇವರ ಕೂದಲು ಪಲ್ಲಕ್ಕಿಗೆ ಸಿಕ್ಕಿಕೊಂಡಿತಂತೆ. ನಿಲ್ಲಿಸಿ ಅಂದರೆ ಗುರುವಿಗೆ ತೊಂದರೆ ಅಂತ ನೋವು ನುಂಗಿಕೊಂಡು ಹಾಗೇ ನಡೆದರಂತೆ. ಇದು ಕಥೆ. ಆದರೆ ಬಳಗದವರಿಗೆ ಎಲ್ಲಕ್ಕಿಂತ ಇಷ್ಟವಾದ ಕಥೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಈ ಉದ್ದುದ್ದ ಹೆಸರು ಯಾರೂ ಹೇಳುವುದಿಲ್ಲ. ‘ಬಂದೇನವಾಜ ಶರಣರು’ ಅಂದುಬಿಡುತ್ತಾರೆ.

ದೆಹಲಿಯವರು ಕಲಬುರಗಿಗೆ ಯಾಕೆ ಬಂದರು?

ತೈಮೂರನ ದಾಳಿ. 1398ರ ಕೊನೆಯಲ್ಲಿ ಅವನ ಸೈನ್ಯ ದೆಹಲಿಯ ಹತ್ತಿರ ಬಂತು. ಊರು ಉಳಿಯುವುದಿಲ್ಲ ಅಂತ ಕಂಡವರು ಹೊರಟರು. ಅವರಲ್ಲಿ ಇವರೂ ಒಬ್ಬರು. ಆಗ ವಯಸ್ಸು ಎಪ್ಪತ್ತೇಳು. ಗ್ವಾಲಿಯರ್, ಚಂದೇರಿ, ಗುಜರಾತ್ ಸುತ್ತಿಕೊಂಡು ದೌಲತಾಬಾದಿಗೆ ಬಂದರು.

ದಖ್ಖನ್ನು ಅವರಿಗೆ ಹೊಸದೇನಲ್ಲ. 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ಎತ್ತಿದಾಗ ದೆಹಲಿಯ ಎಷ್ಟೋ ಮನೆತನಗಳು ಅಲ್ಲಿಗೆ ಬಂದವು. ಆ ಗುಂಪಿನಲ್ಲಿ ಪುಟ್ಟ ಹುಡುಗನಾಗಿ ಇವರೂ ಇದ್ದರು. ತಂದೆ ಅಲ್ಲೇ ತೀರಿಕೊಂಡರು. ಅವರ ಗೋರಿ ಪಕ್ಕದ ಖುಲ್ದಾಬಾದಿನಲ್ಲಿದೆ. ಹುಡುಗ ಮತ್ತೆ ದೆಹಲಿಗೆ ಹೋಗಿ ಗುರುವನ್ನು ಹುಡುಕಿಕೊಂಡ. 1356ರಲ್ಲಿ ಗುರು ತೀರಿಕೊಂಡ ಮೇಲೆ ನಾಲ್ಕು ದಶಕ ಅಲ್ಲೇ ಪಾಠ ಹೇಳಿದರು. ಮುಪ್ಪಿನಲ್ಲಿ ತಂದೆಯ ಗೋರಿಗೆ ಬಂದಾಗ ಬಹಮನಿ ಸುಲ್ತಾನ ಫಿರೂಜ್ ಷಾಹನಿಂದ ಕರೆ ಬಂತು. ಸುಮಾರು 1400ರಲ್ಲಿ ಕಲಬುರಗಿಯಲ್ಲಿ ನೆಲೆ ನಿಂತರು.

ಎಂಬತ್ತರ ಹತ್ತಿರ ಬಂದ ಮನುಷ್ಯ ಗುರುತಿಲ್ಲದ ಊರಿಗೆ ಬಂದು ಇಪ್ಪತ್ತೆರಡು ವರ್ಷ ಹೊಸ ಬಳಗ ಕಟ್ಟಿದ್ದು ಸುಮ್ನೆ ಮಾತಲ್ಲ.

ಅವರಿಗಿಂತ ಮೊದಲು ಇಲ್ಲಿ ಸೂಫಿಗಳು ಇರಲಿಲ್ಲವೇ?

ಇದ್ದರು. ಊರಿನ ಶೇಖ್ ರೋಜಾ ಅನ್ನುವ ಜಾಗದ ಹೆಸರು ಕೇಳಿರಬಹುದು. ಅಲ್ಲಿರುವುದು ಶೇಖ್ ಸಿರಾಜುದ್ದೀನ್ ಜುನೈದಿಯವರ ಗೋರಿ. 1347ರಲ್ಲಿ ಬಹಮನಿ ರಾಜ್ಯ ಶುರುವಾದಾಗ ಮೊದಮೊದಲ ಸುಲ್ತಾನರು ಅವರಿಗೇ ನಡೆದುಕೊಳ್ಳುತ್ತಿದ್ದರು. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ ಇದೆ. ಅದೂ ಹಳೆಯದೇ. ನೆಲ ಮೊದಲೇ ಹದವಾಗಿತ್ತು ಅನ್ನಬಹುದು.

ಸುಲ್ತಾನ ಜಾಗ ಕೊಟ್ಟ, ಊರು ಕೊಟ್ಟ, ಅದಕ್ಕೇ ಬೆಳೆಯಿತು ಅಲ್ವಾ?

ಎಲ್ಲರೂ ಮೊದಲು ಹೇಳುವ ಉತ್ತರ ಇದೇ. ಅರ್ಧ ಮಾತ್ರ ನಿಜ.

ಫಿರೂಜ್ ಷಾಹ ಓದಿದವನು. ಲೆಕ್ಕ, ಖಗೋಳ, ಹಲವು ಭಾಷೆ, ಎಲ್ಲದರಲ್ಲೂ ಆಸಕ್ತಿ. ಬಂದೇನವಾಜರನ್ನು ಗೌರವದಿಂದ ಬರಮಾಡಿಕೊಂಡ. ಕೋಟೆಯ ಪಕ್ಕದಲ್ಲೇ ಖಾನ್‌ಖಾ, ಅಂದರೆ ಮಠ ಅನ್ನಿ, ಏರ್ಪಾಡಾಯಿತು. ಆದರೆ ಇಬ್ಬರಿಗೂ ಬಹಳ ದಿನ ಹೊಂದಲಿಲ್ಲ. ತರ್ಕದ ವಿದ್ಯೆಗಳಲ್ಲಿ ಇವರು ತನ್ನ ಮಟ್ಟಕ್ಕಿಲ್ಲ ಅಂತ ಸುಲ್ತಾನನಿಗೆ ಅನ್ನಿಸಿತು ಅಂತ ಬಿಜಾಪುರದಲ್ಲಿ ಕೂತು ಬರೆದ ಇತಿಹಾಸಕಾರ ಫೆರಿಶ್ತಾ ಹೇಳುತ್ತಾನೆ. ಅತ್ತ ಸುಲ್ತಾನನ ತಮ್ಮ ಅಹಮದ್ ಖಾನ್ ದಿನಾ ಖಾನ್‌ಖಾಕ್ಕೆ ಬಂದು ಕೂರುತ್ತಿದ್ದ. ಸುಲ್ತಾನ ತನ್ನ ಮಗನಿಗೆ ಪಟ್ಟದ ಆಶೀರ್ವಾದ ಬೇಡಿದಾಗ ಖ್ವಾಜಾ ಒಪ್ಪಲಿಲ್ಲ. ಮುಂದಿನ ಸುಲ್ತಾನ ಅಹಮದನೇ ಅಂದುಬಿಟ್ಟರು. ಆಮೇಲೆ ಇನ್ನೇನು? ಕೋಟೆಯ ಪಕ್ಕ ಇಷ್ಟೊಂದು ಜನ ಸೇರುವುದು ಸರಿಯಲ್ಲ, ಜಾಗ ಖಾಲಿ ಮಾಡಿ ಅಂತ ಹೇಳಿ ಬಂತು.

ಖ್ವಾಜಾ ಎದ್ದು ಊರಾಚೆ ಬಂದರು. ಈಗ ದರ್ಗಾ ಇರುವುದು ಅಲ್ಲೇ. ಜನ ಅಲ್ಲಿಗೂ ಹೋದರು. ಗಮನಿಸಿ, ಬಳಗದ ಇವತ್ತಿನ ನೆಲೆ ಸುಲ್ತಾನನ ಒಲವಿನಿಂದ ಬಂದದ್ದಲ್ಲ, ಅವನ ಮುನಿಸಿನಿಂದ ಬಂದದ್ದು.

ಮುಂದೆ ಫಿರೂಜ್ ಷಾಹ ಪಾನಗಲ್ಲಿನಲ್ಲಿ ವಿಜಯನಗರದ ಕೈಯಲ್ಲಿ ಸೋತ. 1422ರಲ್ಲಿ ತಮ್ಮ ಅಹಮದನೇ ಪಟ್ಟಕ್ಕೆ ಬಂದ. ಅದೇ ವರ್ಷ ಫಿರೂಜನೂ ಸತ್ತ, ಖ್ವಾಜಾರೂ ಹೋದರು. ಅಹಮದ್ ಷಾಹ ಕೈತುಂಬ ಇನಾಮು ಕೊಟ್ಟ, ನಿಜ. ಆದರೆ ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನು ಬೀದರಿಗೆ ಎತ್ತಿದ. ಇರಾನಿನ ಕಿರ್ಮಾನದ ಕಡೆಯ ಇನ್ನೊಬ್ಬ ಸೂಫಿ ಗುರು ನಿಯಾಮತುಲ್ಲಾರಿಗೆ ಹೇಳಿಕಳಿಸಿದ. ಅವರ ಮನೆತನದವರು ಬೀದರಿಗೆ ಬಂದು ಆಸ್ಥಾನಕ್ಕೆ ಹತ್ತಿರವಾದರು. ದರಬಾರು ಹೋಯಿತು, ಖಜಾನೆ ಹೋಯಿತು, ಆಸ್ಥಾನದ ಗುರುಗಳೂ ಬದಲಾದರು. ಕಲಬುರಗಿಯ ಗೋರಿಗೆ ಬರುವ ಜನ ಮಾತ್ರ ಕಡಿಮೆಯಾಗಲಿಲ್ಲ. ಸುಲ್ತಾನರ ಬೆಂಬಲವೇ ಕಾರಣವಾಗಿದ್ದರೆ ಬಳಗ ಅವತ್ತೇ ಬೀದರಿನ ದಾರಿ ಹಿಡಿಯಬೇಕಿತ್ತು.

ಫೆರಿಶ್ತಾ ಹೇಳುವ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಪ್ರವಾದಿ ದೊಡ್ಡವರೋ ಖ್ವಾಜಾ ದೊಡ್ಡವರೋ ಅಂತ ಒಬ್ಬ ದಖ್ಖನಿಯನ್ನು ಯಾರೋ ಕೇಳಿದರಂತೆ. ಪ್ರವಾದಿ ದೊಡ್ಡವರೇ, ಆದರೆ ನಮ್ಮ ಗೇಸೂದರಾಜರ ಮಾತೇ ಬೇರೆ ಅಂದನಂತೆ! ಮೌಲ್ವಿಗಳಿಗೆ ಮೈ ಉರಿಯುವ ಮಾತು. ಆದರೆ ಇನ್ನೂರು ವರ್ಷದ ಹೊತ್ತಿಗೆ ಜನ ಎಲ್ಲಿಗೆ ತಲುಪಿದ್ದರು ಅನ್ನೋದು ಇದರಲ್ಲಿ ಕಾಣುತ್ತದೆ.

ಈ ಬಳಗಕ್ಕೆ ಸೇರುವುದು ಹೇಗೆ? ಬರುವವರೆಲ್ಲ ಶಿಷ್ಯರೇ?

ಅಲ್ಲ. ಇದರಲ್ಲಿ ಸುತ್ತುಗಳಿವೆ.

ಒಳಗಿನ ಸುತ್ತು ಮುರೀದರದು. ಗುರುವಿನ ಕೈಯಲ್ಲಿ ಕೈಯಿಟ್ಟು ಬೈಅತ್, ಅಂದರೆ ದೀಕ್ಷೆ, ತೆಗೆದುಕೊಂಡವರು ಇವರು. ದೀಕ್ಷೆ ಆದಮೇಲೆ ಗುರುಪರಂಪರೆಯ ಪಟ್ಟಿ, ಶಜರಾ, ಕೊಡುತ್ತಾರೆ. ಪ್ರವಾದಿಯಿಂದ ಹಿಡಿದು ಇವತ್ತಿನ ಗುರುವಿನ ತನಕ ಹೆಸರುಗಳು ಅದರಲ್ಲಿರುತ್ತವೆ. ಮುರೀದರಲ್ಲಿ ಕೆಲವರಿಗೆ ಮಾತ್ರ ಇನ್ನೊಬ್ಬರಿಗೆ ದೀಕ್ಷೆ ಕೊಡುವ ಹಕ್ಕು ಸಿಗುತ್ತದೆ. ಅವರು ಖಲೀಫಾ. ಬೇರೆ ಊರುಗಳಿಗೆ ಬಳಗ ಹಬ್ಬಿದ್ದು ಇವರಿಂದ.

ಎರಡನೆಯದು ದರ್ಗಾದ ಸೇವೆಯ ಮನೆತನಗಳದು. ಗುರುವಿನ ವಂಶಸ್ಥರು, ಮುಜಾವರರು, ಖಾದಿಮರು.

ಹೊರಗಿನ ಸುತ್ತೇ ಎಲ್ಲಕ್ಕಿಂತ ದೊಡ್ಡದು. ಹರಕೆ ಹೊತ್ತವರು, ಗುರುವಾರ ಬಂದು ಹೋಗುವವರು, ಮಗುವಿಗೆ ಬಂದೇನವಾಜ, ಖಾಜಪ್ಪ ಅಂತ ಹೆಸರಿಟ್ಟವರು. ಇವರು ಯಾರಿಂದಲೂ ದೀಕ್ಷೆ ಪಡೆದವರಲ್ಲ, ಯಾವ ಪಟ್ಟಿಯಲ್ಲೂ ಇಲ್ಲ. ಇವರಿಗೆ ಸೇರುವ ವಿಧಿಯೂ ಇಲ್ಲ, ಬಿಡುವ ವಿಧಿಯೂ ಇಲ್ಲ. ನನ್ನ ಲೆಕ್ಕದಲ್ಲಿ ದರ್ಗಾವನ್ನು ಆರುನೂರು ವರ್ಷ ಹೊತ್ತು ತಂದವರು ಈ ಹೊರಸುತ್ತಿನವರೇ.

ಖಾನ್‌ಖಾ ಮತ್ತು ದರ್ಗಾ ಎರಡೂ ಒಂದೇನಾ?

ಗುರು ಬದುಕಿದ್ದಾಗ ಪಾಠ, ಜಪ, ಊಟ ನಡೆಯುವ ಮನೆ ಖಾನ್‌ಖಾ. ಗುರುವಿನ ಗೋರಿ ಇರುವ ಜಾಗ ದರ್ಗಾ. ಖಾನ್‌ಖಾಕ್ಕೆ ಬರುವವನಿಗೆ ಕಲಿಯಬೇಕೆಂಬ ಆಸೆ ಇರಬೇಕು. ದರ್ಗಾಕ್ಕೆ ಬರಲು ಕಷ್ಟ ಒಂದಿದ್ದರೆ ಸಾಕು. ಗುರು ಹೋದಮೇಲೆ ಬಳಗ ಹತ್ತುಪಟ್ಟು ಹಿಗ್ಗುವುದು ಇದಕ್ಕೇ. ಪರ್ಷಿಯನ್, ಅರಬ್ಬಿ ಓದಿದ ಕೆಲವರ ಕೂಟವಾಗಿದ್ದದ್ದು ಎಲ್ಲರ ಜಾಗವಾಗುತ್ತದೆ.

ಮತಾಂತರದಿಂದಲೇ ಬೆಳೆದದ್ದು ಅನ್ನುತ್ತಾರಲ್ಲ?

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ಒಂದು, ಸೂಫಿಗಳು ಬಂದದ್ದೇ ಮತಾಂತರಕ್ಕೆ ಅನ್ನೋದು. ಇನ್ನೊಂದು, ಅವರಿಗೆ ಜಾತಿ ಮತದ ಗೊಡವೆಯೇ ಇರಲಿಲ್ಲ, ಬರೀ ಪ್ರೀತಿ ಅನ್ನೋದು. ಬಂದೇನವಾಜರ ವಿಷಯದಲ್ಲಿ ಎರಡೂ ಕೂರುವುದಿಲ್ಲ.

ಅವರು ಶರೀಅತ್ತಿನಲ್ಲಿ, ಅಂದರೆ ಇಸ್ಲಾಮಿನ ಧರ್ಮನಿಯಮದಲ್ಲಿ, ಬಿಗಿ ಮನುಷ್ಯ. ನಮಾಜು, ಉಪವಾಸ, ನಿಯಮ ಯಾವುದರಲ್ಲೂ ಸಡಿಲ ಬಿಡುತ್ತಿರಲಿಲ್ಲ. ಎಲ್ಲವೂ ಒಂದೇ ಅನ್ನುವ ಸೂಫಿ ಚಿಂತಕ ಇಬ್ನ್ ಅರಬಿಯ ವಿಚಾರವನ್ನು ಖಂಡಿಸಿ ಬರೆದವರು. ಸಂಸ್ಕೃತದ ಪುಸ್ತಕ, ಪುರಾಣ ಓದಿದ್ದೇನೆ ಅಂತ ತಾವೇ ಹೇಳಿಕೊಂಡಿದ್ದಾರೆ. ಬ್ರಾಹ್ಮಣರ ಜೊತೆ ವಾದಕ್ಕೆ ಕೂತದ್ದನ್ನೂ ಹೇಳಿದ್ದಾರೆ. ಸೋತವನು ಗೆದ್ದವನ ಮತಕ್ಕೆ ಬರಬೇಕು ಅನ್ನುವ ಪಣ. ವಾದದಲ್ಲಿ ನಾನೇ ಗೆದ್ದೆ, ಆದರೆ ಅವರು ಬರಲಿಲ್ಲ, ಹೆಂಡತಿ ಮಕ್ಕಳು ಕುಲ ಅಂತ ನೆಪ ಹೇಳಿದರು ಅಂತ ಅವರದೇ ಮಾತಿನ ಸಾರ. ಗೆದ್ದವನ ಬಾಯಲ್ಲೇ ಇದು ಬಂದಿದೆ ಅನ್ನೋದನ್ನು ನೋಡಿ. ವಾದ ಮಾಡಿ ಯಾರನ್ನೂ ಬಳಗಕ್ಕೆ ತರಲಾಗಲಿಲ್ಲ.

ಹಾಗಾದರೆ ಯಾರೂ ಬರಲಿಲ್ಲವೇ? ಬಂದರು. ಬೆಳಗಾವಿ, ಪುಣೆ ಕಡೆಯ ಕೆಲವು ನೇಕಾರ ಮುಸ್ಲಿಮರು ತಮ್ಮ ಹಿರಿಯರು ಬಂದೇನವಾಜರಿಂದಲೇ ಈ ದಾರಿಗೆ ಬಂದವರು ಅಂತ ಹೇಳಿಕೊಳ್ಳುತ್ತಿದ್ದರು. 19ನೇ ಶತಮಾನದ ಬ್ರಿಟಿಷ್ ಗ್ಯಾಜೆಟಿಯರುಗಳಲ್ಲಿ ಇದು ದಾಖಲಾಗಿದೆ. ಅವರು ಒಂದೇ ದಿನ, ಒಬ್ಬರೇ ಗುರುವಿನ ಮಾತಿಗೆ ಬದಲಾದರು ಅಂತ ನಂಬುವುದು ಕಷ್ಟ. ದರ್ಗಾದ ಜಾತ್ರೆಗೆ ತಲೆತಲಾಂತರ ನಡೆದುಕೊಂಡು, ಹೆಸರು ಬದಲಾಗಿ, ಮದುವೆ ಮಣ್ಣಿನ ಪದ್ಧತಿ ಬದಲಾಗಿ, ನಿಧಾನಕ್ಕೆ ಆದದ್ದು ಇರಬೇಕು. ಕತ್ತಿ ಹಿಡಿದ ಸೂಫಿ, ಊರಿಗೂರೇ ಬದಲಿಸಿದ ಸೂಫಿ, ಇಂಥ ಕಥೆಗಳು ಬಹುಪಾಲು ಗುರು ತೀರಿಕೊಂಡು ಬಹಳ ಕಾಲವಾದ ಮೇಲೆ ಹುಟ್ಟಿಕೊಂಡಂಥವು.

ಓದುಬರಹ ಇಲ್ಲದವರಿಗೆ ಸೂಫಿ ವಿಚಾರ ತಲುಪಿದ್ದು ಹೇಗೆ?

ಬೀಸುಕಲ್ಲಿನ ಮೂಲಕ. ನಿಜವಾಗಿ.

ಖ್ವಾಜಾ ಬರೆದದ್ದೆಲ್ಲ ಪರ್ಷಿಯನ್, ಅರಬ್ಬಿಯಲ್ಲಿ. ಮಾತಾಡುವಾಗ ಹಿಂದವಿ, ಅಂದರೆ ದೆಹಲಿ ಕಡೆಯ ಜನರ ಆಡುನುಡಿ, ಬಳಸುತ್ತಿದ್ದರು. ಅದರ ಹಾಡು ಮನಸ್ಸನ್ನು ಬೇಗ ಕರಗಿಸುತ್ತದೆ ಅನ್ನುತ್ತಿದ್ದರು. ಅವರ ಹೆಸರಲ್ಲಿ ಹಳೆಯ ದಖನಿ (ದಖ್ಖನ್ನಿನ ಆಡು ಉರ್ದು) ಗದ್ಯದ ಪುಸ್ತಕವೊಂದೂ ಓಡಾಡುತ್ತದೆ. ಅದು ಅವರದಲ್ಲ, ಆಮೇಲಿನವರದು ಅಂತ ವಿದ್ವಾಂಸರು ವಾದಿಸಿದ್ದಾರೆ.

ಅವರ ನಂತರದ ಪೀಳಿಗೆಗಳು ದಖನಿಯನ್ನೇ ಹಿಡಿದವು. ಬಿಜಾಪುರದ ಹೊರಗೆ ಶಾಹಪುರದ ದಿಬ್ಬದ ಮೇಲೆ ನೆಲೆಸಿದ ಮೀರಾಂಜಿ ಶಂಸುಲ್ ಉಶ್ಶಾಕ್, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ, ಮೂವರೂ ದಖನಿಯಲ್ಲಿ ಪದ್ಯ ಕಟ್ಟಿದವರು. ಮೀರಾಂಜಿಯವರ ಗುರುಪರಂಪರೆ ಗೇಸೂದರಾಜರಿಗೇ ಮುಟ್ಟುತ್ತದೆ.

ಈ ಸೂಫಿಗಳ ಸುತ್ತಲಿನವರು ಕಟ್ಟಿದ ‘ಚಕ್ಕಿನಾಮಾ’ ಅನ್ನುವ ಹಾಡುಗಳು ಬಿಜಾಪುರದ ಸೀಮೆಯಲ್ಲಿ ಹೆಂಗಸರ ಬಾಯಿಗೆ ಬಂದವು. ನಸುಕಿನಲ್ಲಿ ಜೋಳ ಬೀಸುತ್ತ ಹಾಡುವ ಪದ. ಬೀಸುಕಲ್ಲಿನ ಗೂಟ ನೆಟ್ಟಗಿದೆ, ಅದು ಅರಬ್ಬಿಯ ಮೊದಲ ಅಕ್ಷರ ಅಲಿಫ್, ಅಂದರೆ ಅಲ್ಲಾ. ನಡುವಿನ ಕೀಲು ಪ್ರವಾದಿ. ಕಲ್ಲು ತಿರುಗಿದಂತೆ ಉಸಿರಿನ ಜೊತೆ ಹೆಸರು ಹೇಳಬೇಕು. ನಡುವೆ ಗುರುವಿನ ನೆನಪು. ಹೀಗೆ ಸಾಗುತ್ತದೆ ಹಾಡು. ರಾಟೆಗೆ ಚರಖಾನಾಮಾ, ತೊಟ್ಟಿಲಿಗೆ ಲೋರಿನಾಮಾ. ಜಪ ಮಾಡಲು ಖಾನ್‌ಖಾಕ್ಕೆ ಬರಬೇಕಿಲ್ಲ, ಹಿಟ್ಟು ಬೀಸುವ ಹೊತ್ತೇ ಸಾಕು ಅಂತಾಯಿತು.

ನಮ್ಮ ಬೀಸುವ ಪದ ಕೇಳಿದವರಿಗೆ ಇದು ಹೊಸದಾಗಿ ಕಾಣುವುದಿಲ್ಲ. ಅಲ್ಲಿ ಮಲ್ಲಯ್ಯ, ಇಲ್ಲಿ ಪೀರ. ಅಕ್ಕಪಕ್ಕದ ಮನೆಯ ಹೆಂಗಸರು ಒಬ್ಬರ ಹಾಡು ಒಬ್ಬರು ಕೇಳದೆ ಇರುವುದುಂಟೇ? ಆ ಹಾಡು ಕೇಳುತ್ತ ಮಲಗಿದ ಮಕ್ಕಳಿಗೆ ಗುರುವಿನ ಹೆಸರು ತಾಯಿಯ ದನಿಯಲ್ಲೇ ಬಂತು. ವಾದಕ್ಕೆ ಕೂತ ಪಂಡಿತರಿಂದ ಆಗದ ಕೆಲಸ ಇದು. ಆದರೂ ಬಳಗದ ಇತಿಹಾಸ ಬರೆದವರು ಹೆಚ್ಚಾಗಿ ಗಂಡಸರ ವಂಶಾವಳಿಯನ್ನೇ ಬರೆದಿದ್ದಾರೆ.

ಹಿಂದೂಗಳು ಯಾಕೆ ಹೋಗುತ್ತಾರೆ?

ಹೊರಗಿನವರಿಗೆ ಇದು ಪ್ರಶ್ನೆ. ಕಲಬುರಗಿಯವರಿಗೆ ಅಲ್ಲ. ಮಗು ಆಗಲಿ, ಬೋರಿಗೆ ನೀರು ಬೀಳಲಿ, ಮಗನಿಗೆ ನೌಕರಿ ಸಿಗಲಿ, ಗಾಳಿ ಬಿಡಲಿ. ಬೇಡಿಕೊಂಡದ್ದು ಆಯಿತು ಅಂದರೆ ಬಂದು ಸಕ್ಕರೆ ಓದಿಸುತ್ತಾರೆ. ಓದಿಸುವುದು ಅಂದರೆ ಫಾತಿಹಾ ಕೊಡಿಸಿ ಹಂಚುವುದು. ದೊಡ್ಡ ಹರಕೆಯಾದರೆ ಗೋರಿಗೆ ಗಲೀಫ, ಅಂದರೆ ಬಟ್ಟೆ, ಹೊದಿಸುತ್ತಾರೆ, ಕಂದೂರಿ, ಅಂದರೆ ಹರಕೆಯ ಊಟ, ಮಾಡುತ್ತಾರೆ. ಮುಜಾವರರು ನವಿಲುಗರಿಯ ಕಟ್ಟನ್ನು ತಲೆಗೆ ಮುಟ್ಟಿಸುತ್ತಾರೆ, ಚೂರು ಊದಿನ ಬೂದಿ ಕೊಡುತ್ತಾರೆ. ಬಂದವರು ಹೊರಗೆ ಬಂದು ಶರಣಬಸವೇಶ್ವರರ ಗುಡಿಗೂ ಹೋಗಿ ಊರಿನ ಬಸ್ಸು ಹತ್ತುತ್ತಾರೆ. ಅವರಿಗೆ ಇದು ಎರಡು ಮತದ ಮಾತಲ್ಲ. ಒಂದೇ ದಿನದ ಎರಡು ಕೆಲಸ.

ಈ ಸೀಮೆಯಲ್ಲಿ ಇಂಥದ್ದು ಎಲ್ಲೆಲ್ಲೂ ಇದೆ. ಬೀದರಿನ ಹತ್ತಿರ ಅಷ್ಟೂರಿನಲ್ಲಿ ಅದೇ ಅಹಮದ್ ಷಾಹನ ಗೋರಿ ಇದೆ. ಜನ ಅವನನ್ನೂ ವಲೀ, ಅಂದರೆ ಸಂತ, ಮಾಡಿದರು, ಅಲ್ಲಮಪ್ರಭು ಅಂತಲೂ ಕರೆದರು. ಅವನ ಉರುಸು ನಡೆಯುವುದು ಹಿಂದೂ ಪಂಚಾಂಗದ ಲೆಕ್ಕದಲ್ಲಿ, ಹೋಳಿ ಆದಮೇಲೆ. ಅದಕ್ಕೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರೊಬ್ಬರು ನಡೆದು ಬರುತ್ತಾರೆ. ಶಿಶುನಾಳ ಷರೀಫರು (1819–1889) ಹುಟ್ಟಿದ್ದೂ ತಂದೆತಾಯಿ ಹುಲಗೂರಿನ ಖಾದರ್‌ಷಾ ವಲಿಗೆ ಬೇಡಿಕೊಂಡ ಮೇಲೆ ಅನ್ನುತ್ತಾರೆ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಷಾಹ ತಾನು ಕಟ್ಟಿದ ಹಾಡುಗಳಲ್ಲಿ ಸರಸ್ವತಿ, ಗಣಪತಿಯ ಜೊತೆಗೆ ಗೇಸೂದರಾಜರನ್ನೂ ನೆನೆದಿದ್ದಾನೆ.

ಇದನ್ನೆಲ್ಲ ‘ಭಾವೈಕ್ಯ’ ಅನ್ನುವ ಒಂದೇ ಮಾತಿನಲ್ಲಿ ಮುಗಿಸುವುದು ಭಾಷಣಕ್ಕೆ ಸರಿ. ಜನ ಐಕ್ಯ ತೋರಿಸಲು ದರ್ಗಾಕ್ಕೆ ಹೋಗುವುದಿಲ್ಲ. ಕೆಲಸ ಆಗುತ್ತದೆ ಅಂತ ಹೋಗುತ್ತಾರೆ.

ಬಂದೇನವಾಜರೂ ಶರಣರೂ ಭೇಟಿಯಾಗಿದ್ದರಂತೆ, ನಿಜವೇ?

ಬಸವಣ್ಣನವರ ಕಾಲ 12ನೇ ಶತಮಾನ. ಅವರ ಜೊತೆಗಂತೂ ಸಾಧ್ಯವಿಲ್ಲ. ಆದರೆ ಆಮೇಲಿನ ಸ್ವಾಮಿಗಳ ಜೊತೆ ಪವಾಡದ ಪಂದ್ಯ ನಡೆಯಿತು, ಆಮೇಲೆ ಗೆಳೆಯರಾದರು ಅನ್ನುವ ಕಥೆಗಳು ಬಹಳ ಇವೆ. ಗೋಕಾಕ ತಾಲೂಕಿನ ಸಾವಳಗಿ ಶಿವಲಿಂಗೇಶ್ವರ ಮಠದ ಕಥೆ ಅದರಲ್ಲಿ ಹೆಸರಾದದ್ದು. ಅಲ್ಲಿನ ಸ್ವಾಮಿಗಳು ಹಸಿರು ಬಟ್ಟೆ ಉಡುವುದಕ್ಕೆ ಬಂದೇನವಾಜರ ನಂಟೇ ಕಾರಣ ಅಂತ ಭಕ್ತರು ಹೇಳುತ್ತಾರೆ. ತಾರೀಖು ಹುಡುಕಿದರೆ ಇಂಥ ಕಥೆ ನಿಲ್ಲುವುದಿಲ್ಲ. ಆದರೆ ಮಠಕ್ಕೂ ದರ್ಗಾಕ್ಕೂ ನಡೆದುಕೊಳ್ಳುವ ಒಕ್ಕಲು ಒಂದೇ ಆಗಿದ್ದಾಗ ಗುರುಗಳನ್ನು ಗೆಳೆಯರನ್ನಾಗಿ ಮಾಡದೆ ಜನಕ್ಕೆ ಬೇರೆ ದಾರಿ ಇರಲಿಲ್ಲ.

ಉರುಸು ಯಾವಾಗ? ಏನೇನು ನಡೆಯುತ್ತದೆ?

ಹಿಜರಿ ಪಂಚಾಂಗದ ಜುಲ್‌ಕಾಯಿದಾ ತಿಂಗಳ 15ರಿಂದ ಮೂರು ದಿನ. ಚಾಂದ್ರಮಾನ ವರ್ಷ ಸುಮಾರು 11 ದಿನ ಕಡಿಮೆ ಇರುವುದರಿಂದ ಇಂಗ್ಲಿಷ್ ತಾರೀಖು ವರ್ಷ ವರ್ಷ ಹಿಂದೆ ಸರಿಯುತ್ತದೆ. ಸದ್ಯಕ್ಕೆ ಬೇಸಿಗೆಯಲ್ಲಿ ಬರುತ್ತಿದೆ. ಕಲಬುರಗಿಯ ಮೇ ತಿಂಗಳ ಬಿಸಿಲು ಗೊತ್ತಲ್ಲ, ತಲೆಗೆ ಬಟ್ಟೆ, ಕೈಯಲ್ಲಿ ನೀರಿನ ಬಾಟಲಿ ಇಲ್ಲದೆ ಹೊರಡಬೇಡಿ.

ಮೊದಲ ದಿನ ಗಂಧದ ಮೆರವಣಿಗೆ. ಊರ ನಡುವಿನ ಮೆಹಬೂಬ್ ಗುಲ್ಶನ್ ಉದ್ಯಾನದಿಂದ ಹೊರಟು ದರ್ಗಾ ಮುಟ್ಟುತ್ತದೆ. ಫಕೀರರ ಮೇಳ, ದಫ್, ಹೂವಿನ ಚಾದರ. ಗೋರಿಗೆ ಗಂಧ ಲೇಪಿಸುವುದು ಆ ರಾತ್ರಿಯ ಮುಖ್ಯ ಕೆಲಸ. ಮಾರನೆಯ ದಿನ ದೀಪ. ಕವ್ವಾಲಿ ರಾತ್ರಿಯಿಡೀ ನಡೆಯುತ್ತದೆ. ಇದಲ್ಲದೆ ‘ಬಂದ್ ಸಮಾ’ ಅಂತ ಒಂದಿದೆ. ಅದು ಬಾಗಿಲು ಹಾಕಿಕೊಂಡು ಕೆಲವರಿಗಾಗಿ ಮಾತ್ರ ನಡೆಯುವ ಗಾಯನ. ಹೊರಗಿನವರಿಗೆ ಅದು ಸಿಗುವುದಿಲ್ಲ, ಸುಮ್ಮನೆ ಪ್ರಯತ್ನಿಸಬೇಡಿ.

ಹೊರಗೆ ದರ್ಗಾದ ರಸ್ತೆಯುದ್ದಕ್ಕೂ ಜಾತ್ರೆ. ಬಳೆ, ಪಾತ್ರೆ, ಜೋಕಾಲಿ, ಮಿಠಾಯಿ. ಉತ್ತರ ಕರ್ನಾಟಕದವರ ಜೊತೆ ತೆಲಂಗಾಣ, ಮಹಾರಾಷ್ಟ್ರದವರೂ ಬರುತ್ತಾರೆ. ಒಂದೇ ಅಂಗಡಿಯ ಮುಂದೆ ದಖನಿ, ಕನ್ನಡ, ತೆಲುಗು, ಮರಾಠಿ ನಾಲ್ಕರಲ್ಲೂ ಚೌಕಾಸಿ ಕೇಳುತ್ತದೆ.

ಸಜ್ಜಾದಾ ನಶೀನ್ ಅಂದರೆ ಯಾರು?

ಗುರುವಿನ ಗಾದಿಯ ಮೇಲೆ ಕೂರುವವರು. ಮಠಗಳಲ್ಲಿ ಪೀಠಾಧಿಪತಿ ಅನ್ನುವ ಹಾಗೆ. ಆದರೆ ಇಲ್ಲಿ ವಂಶದಲ್ಲೇ ಬರುತ್ತದೆ. ಖ್ವಾಜಾರ ಹಿರಿಯ ಮಗ ಅಕ್ಬರ್ ಹುಸೈನಿ ತಂದೆಗಿಂತ ಮೊದಲೇ ತೀರಿಕೊಂಡರು. ಕಿರಿಯ ಮಗನಿಗೆ ಗಾದಿ ಹೋಯಿತು. ಮುಂದೆ ಮನೆತನ ಕವಲಾಗಿ ದೊಡ್ಡ ರೋಜಾ, ಸಣ್ಣ ರೋಜಾ ಅಂತ ಎರಡು ಗಾದಿಗಳಾದವು. ಊರಲ್ಲಿ ಆ ಬಡಾವಣೆಗಳಿಗೂ ಅದೇ ಹೆಸರು.

ದೊಡ್ಡ ರೋಜಾದ ಸೈಯದ್ ಷಾಹ ಖುಸ್ರೋ ಹುಸೈನಿಯವರು ಸೂಫಿ ವಿಚಾರದಲ್ಲಿ ವಿದ್ವಾಂಸರಾಗಿಯೂ ಹೆಸರಾಗಿದ್ದರು. 2017ರಲ್ಲಿ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಬಂತು. 2024ರ ನವೆಂಬರ್‌ನಲ್ಲಿ ತೀರಿಕೊಂಡರು.

ಇನಾಮು ಭೂಮಿ ಹೋದಮೇಲೆ ಬಳಗ ಹೇಗೆ ಉಳಿಯಿತು?

ಬಹಮನಿ, ಆದಿಲ್ ಷಾಹಿ, ಮೊಘಲ್, ನಿಜಾಮ, ಯಾರು ಬಂದರೂ ದರ್ಗಾದ ಇನಾಮು ಒಂದಲ್ಲ ಒಂದು ರೂಪದಲ್ಲಿ ನಡೆದುಕೊಂಡು ಬಂತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂತು. ಜಹಗೀರು, ಇನಾಮುಗಳ ಕಾಲ ಮುಗಿಯಿತು. ಎಷ್ಟೋ ದರ್ಗಾಗಳು ಇದರಿಂದ ಬಡವಾದವು.

ಇಲ್ಲಿ ಮಾತ್ರ ಬೇರೆ ದಾರಿ ಹಿಡಿದರು. 1958ರಲ್ಲಿ ಖಾಜಾ ಎಜುಕೇಶನ್ ಸೊಸೈಟಿ ಶುರುವಾಯಿತು. ಹೆಣ್ಣುಮಕ್ಕಳ ಓದಿಗೆ ಖ್ವಾಜಾರ ಪತ್ನಿ ಬೀಬಿ ರಜಾ ಅವರ ಹೆಸರಲ್ಲಿ ಸಂಸ್ಥೆ ಬಂತು. 1980ರಲ್ಲಿ ಎಂಜಿನಿಯರಿಂಗ್ ಕಾಲೇಜು, 2000ದಲ್ಲಿ ವೈದ್ಯಕೀಯ ಕಾಲೇಜು, 2018ರಲ್ಲಿ ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯ. ಈಗ ‘ಕೆಬಿಎನ್’ ಅಂದರೆ ಕಲಬುರಗಿಯ ಹುಡುಗರಿಗೆ ಮೊದಲು ಹೊಳೆಯುವುದು ಕಾಲೇಜು, ಆಸ್ಪತ್ರೆ. ಲಂಗರಿನ, ಅಂದರೆ ಬಂದವರಿಗೆಲ್ಲ ಹಾಕುವ ಊಟದ, ಬದಲು ಸೀಟು ಹಂಚುವ ಕಾಲ ಬಂತು ಅಂತ ಹಳಬರು ನಗುತ್ತಾರೆ. ಫೀಸಿನ ಬಗ್ಗೆ ಗೊಣಗುವವರೂ ಇದ್ದಾರೆ. ಶರಣಬಸವೇಶ್ವರ ಸಂಸ್ಥಾನವೂ ಇದೇ ಊರಲ್ಲಿ ಇದೇ ದಾರಿಯಲ್ಲಿ ಬೆಳೆಯಿತು ಅನ್ನೋದನ್ನು ಸೇರಿಸಬೇಕು. ಹಿಂದುಳಿದ ಸೀಮೆಯಲ್ಲಿ ಶಾಲೆ ತೆರೆಯುವ ಶಕ್ತಿ ಇದ್ದದ್ದು ಇಂಥ ಗಾದಿಗಳಿಗೇ.

ಮುಸ್ಲಿಮರಲ್ಲೇ ದರ್ಗಾಕ್ಕೆ ವಿರೋಧ ಇದೆಯಂತೆ?

ಇದೆ. ಗೋರಿಯ ಮುಂದೆ ಬೇಡುವುದು ತಪ್ಪು, ಬೇಡಿದರೆ ದೇವರನ್ನೇ ಬೇಡಬೇಕು ಅನ್ನುವವರು ಹಿಂದಿನಿಂದಲೂ ಇದ್ದಾರೆ. ಅಹಲೆ ಹದೀಸ್‌ನಂಥ ಸುಧಾರಕ ಪಂಥಗಳು ಇದನ್ನು ಜೋರಾಗಿ ಹೇಳುತ್ತವೆ. ಒಂದೇ ಮನೆಯಲ್ಲಿ ಅಜ್ಜಿ ಗುರುವಾರ ದರ್ಗಾಕ್ಕೆ, ಮೊಮ್ಮಗ ಅದರ ವಿರುದ್ಧ ಪ್ರವಚನ ಕೇಳಲು ಹೋಗುವುದು ಉಂಟು. ಬಳಗದವರ ಉತ್ತರ ಇಷ್ಟೇ: ನಾವು ಬೇಡುವುದು ದೇವರನ್ನೇ, ಖ್ವಾಜಾ ನಮ್ಮ ಪರವಾಗಿ ಮಾತಾಡುವವರು.

ಯಾರು ಬೇಕಾದರೂ ಹೋಗಬಹುದೇ? ಹೆಂಗಸರಿಗೆ ಒಳಗೆ ಬಿಡುತ್ತಾರಾ?

ಎಲ್ಲರೂ ಹೋಗಬಹುದು. ತಲೆಗೆ ಕರವಸ್ತ್ರವೋ ಟೋಪಿಯೋ ಇರಲಿ, ಚಪ್ಪಲಿ ಹೊರಗೆ. ಅಂಗಳ ಎಲ್ಲರಿಗೂ ತೆರೆದಿದೆ. ಆದರೆ ಖ್ವಾಜಾರ ಗೋರಿ ಇರುವ ಗುಮ್ಮಟದ ಒಳಕ್ಕೆ ಹೋಗುವವರು ಗಂಡಸರು, ಹೆಂಗಸರು ಹೊರಗಿನಿಂದಲೇ ಬೇಡಿಕೊಳ್ಳುತ್ತಾರೆ. ಬೀಸುಕಲ್ಲಿನ ಮುಂದೆ ಈ ಹೆಸರನ್ನು ಹಾಡಿ ಉಳಿಸಿದವರಿಗೆ ಬಾಗಿಲಾಚೆಯ ಜಾಗ ಅನ್ನೋದು ನನಗೆ ಸರಿ ಕಾಣುವುದಿಲ್ಲ. ಹಾಗಂತ ಹೇಳಿದರೆ ಅಲ್ಲಿನ ಎಷ್ಟೋ ಹೆಂಗಸರೇ ನನ್ನ ಮಾತು ಒಪ್ಪುವುದಿಲ್ಲ.

ಒಳಗೆ ಗುಮ್ಮಟದ ಬಣ್ಣದ ಕೆಲಸ ನೋಡುವಂಥದ್ದು. ಆವರಣದಲ್ಲೇ ಬಿಜಾಪುರದ ಸೇನಾಪತಿ ಅಫ್ಜಲ್ ಖಾನ್ ಕಟ್ಟಿಸಿದ್ದು ಅನ್ನುವ ಮಸೀದಿ ಇದೆ, ಹಳೆಯ ಕೈಬರಹದ ಪುಸ್ತಕಗಳಿರುವ ಗ್ರಂಥಾಲಯವೂ ಇದೆ. ಗುರುವಾರ ಸಂಜೆ ಜನ ಜಾಸ್ತಿ. ನಿಧಾನಕ್ಕೆ ನೋಡಬೇಕೆಂದರೆ ಬೇರೆ ದಿನ ಬೆಳಿಗ್ಗೆ ಹೋಗಿ. ಹೂವು, ಚಾದರ, ಸಕ್ಕರೆ ಬಾಗಿಲಿನ ಹೊರಗೇ ಸಿಗುತ್ತದೆ. ತೆಗೆದುಕೊಳ್ಳದಿದ್ದರೂ ನಡೆಯುತ್ತದೆ. ಕಾಣಿಕೆಗೂ ಅಷ್ಟೇ, ಇಷ್ಟೇ ಕೊಡಬೇಕು ಅಂತ ಯಾರಾದರೂ ಹಟ ಹಿಡಿದರೆ ಕೊಡಬೇಕಿಲ್ಲ.